ಕರೆಂಟಿನ ಕಡಗೋಲು

ನನ್ನ ನಲವತ್ತೇಳನೆಯ ವಯಸ್ಸಿನವರೆಗೆ ಅಡಿಗೆಮನೆಗೂ ನನಗೂ ಇದ್ದದ್ದು ಅತಿಥಿಯ ಸಂಬಂಧ. ಕರೆದಾಗ ಹೋಗುತ್ತಿದ್ದೆ, ಬಡಿಸಿದ್ದನ್ನು ತಿನ್ನುತ್ತಿದ್ದೆ, ಚೆನ್ನಾಗಿದ್ದರೆ ಸುಮ್ಮನಿರುತ್ತಿದ್ದೆ, ಉಪ್ಪು ಕಡಮೆಯಾಗಿದ್ದರೆ ಮಾತನಾಡುತ್ತಿದ್ದೆ. ಹೀಗೆ ಬದುಕಿದ್ದವನು ಕಳೆದ ವರ್ಷ ಆಷಾಢದ ಒಂದು ಸಂಜೆ, ಕತ್ರಿಗುಪ್ಪೆಯ ನೀರಿನ ಟ್ಯಾಂಕಿನ ಹತ್ತಿರದ ಒಂದು ಅಂಗಡಿಯಲ್ಲಿ, ಮೊಳದುದ್ದದ ಒಂದು ಯಂತ್ರವನ್ನು ಗದೆಯಂತೆ ಹಿಡಿದುಕೊಂಡು ನಿಂತಿದ್ದೆ. ಹ್ಯಾಂಡ್ ಬ್ಲೆಂಡರ್ ಎಂದು ಅದರ ಹೆಸರು. ಮೇಲೆ ಹಿಡಿ, ಹಿಡಿಯೊಳಗೆ ಮೋಟಾರು, ಕೆಳಗೆ ಒಂದು ಕೋಲು, ಕೋಲಿನ ತುದಿಗೆ ಕವುಚಿಟ್ಟ ಗಂಟೆಯಂಥ ಒಂದು ಟೋಪಿ, ಆ ಟೋಪಿಯೊಳಗೆ ಅಡಗಿದ ಎರಡು ಪುಟ್ಟ ಅಲಗು. ಇಷ್ಟೆ.

ಅಂಗಡಿಯ ಹುಡುಗ ನನ್ನ ಮುಂದೆ ಆರು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟ. ಒಂದು 250 ವಾಟ್, ಒಂದು 400, ಒಂದು 600, ಹೀಗೆಯೇ ಸಾವಿರದವರೆಗೆ.

"ಸಾರ್, ಸಾವಿರದ್ದೇ ತೊಗೊಳ್ಳಿ. ಕಲ್ಲು ಹಾಕಿದ್ರೂ ನುಣ್ಣಗಾಗುತ್ತೆ" ಎಂದ.

ಕಲ್ಲು ತಿನ್ನುವ ಉದ್ದೇಶ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲವೆಂದೆ. ಅವನು ನಕ್ಕು, "ಯಾರಿಗೆ ಸಾರ್?" ಎಂದ. ನಮ್ಮ ತಾಯಿಗೆ ಎಂದೆ. "ಹಾಗಾದ್ರೆ ಹಗುರವಾಗಿರೋದು ಕೊಡ್ತೀನಿ. ಅಡಿಗೆ ಮಾಡೋವಾಗ ಅಮ್ಮಾವ್ರಿಗೆ ಕೈ ನೋಯಬಾರದು" ಎಂದ.

"ಅಡಿಗೆ ಮಾಡುವುದಕ್ಕಲ್ಲಪ್ಪ, ತಿನ್ನುವುದಕ್ಕೆ" ಎಂದೆ. ಹುಡುಗ ನಗುವುದನ್ನು ನಿಲ್ಲಿಸಿದ.

ಅಮ್ಮನಿಗೆ ಎಪ್ಪತ್ತಾರು. ಆ ಬೇಸಗೆಯಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆದಿತ್ತು. ದೊಡ್ಡದಲ್ಲ, ಸಣ್ಣದು ಎಂದು ಡಾಕ್ಟರು ಸಮಾಧಾನ ಹೇಳಿದರು. ಒಂದು ತಿಂಗಳಲ್ಲಿ ಕೈ ಮುಕ್ಕಾಲು ಪಾಲು ಹಿಂದಿರುಗಿತು. ಕಾಲು ಗೋಡೆ ಹಿಡಿದು ನಡೆಯುವಷ್ಟಾಯಿತು. ಆದರೆ ಮಾತು ತೊದಲಾಗಿ ಉಳಿಯಿತು, ನುಂಗುವುದು ಮರೆತೇಹೋದಂತಾಯಿತು. ನಮ್ಮದು ಚನ್ನರಾಯಪಟ್ಟಣದ ಕಡೆ. ರಾಗಿಮುದ್ದೆಯನ್ನು ಅಗಿಯುವವನನ್ನು ನಮ್ಮ ಕಡೆ ಯಾರೂ ನೆಂಟನೆಂದು ಒಪ್ಪುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗಬೇಕು. ಎಪ್ಪತ್ತು ವರ್ಷ ಹಾಗೆ ನುಂಗಿದವಳಿಗೆ ಈಗ ಒಂದು ಲೋಟ ನೀರು ಕುಡಿದರೆ ಕೆಮ್ಮು ಬಂದು ಕಣ್ಣಲ್ಲಿ ನೀರು ಬರುತ್ತಿತ್ತು.

ನುಂಗುವುದು ಎಷ್ಟು ದೊಡ್ಡ ಕೆಲಸವೆಂಬುದು ನನಗೆ ಗೊತ್ತಾದದ್ದು ಆಗಲೇ. ಅನ್ನದ ದಾರಿ, ಉಸಿರಿನ ದಾರಿ ಎರಡೂ ಗಂಟಲಿನ ಒಂದೇ ಪಡಸಾಲೆಯಿಂದ ಹೊರಡುತ್ತವೆ. ಪ್ರತಿಯೊಂದು ತುತ್ತಿಗೂ ಉಸಿರಿನ ಬಾಗಿಲು ಕ್ಷಣಮಾತ್ರ ಮುಚ್ಚಿಕೊಳ್ಳಬೇಕು. ಮುಚ್ಚುವುದು ಸ್ವಲ್ಪ ತಡವಾದರೂ ತುತ್ತು ಶ್ವಾಸಕೋಶದ ಕಡೆ ಹೊರಳುತ್ತದೆ. ಅದರಿಂದ ನ್ಯುಮೋನಿಯ ಆಗಬಹುದು. ಹರಿಯುವ ನೀರು ಬೇಗ ಓಡುವುದರಿಂದ ಅದೇ ಹೆಚ್ಚು ಅಪಾಯ. ಮಂದವಾದದ್ದು ನಿಧಾನವಾಗಿ ಹೋಗುವುದರಿಂದ ಬಾಗಿಲಿಗೆ ಸಮಯ ಸಿಕ್ಕುತ್ತದೆ.

ಅಮ್ಮನನ್ನು ನೋಡುವುದಕ್ಕೆ ಬಂದವಳು ಮಾತಿನ ಚಿಕಿತ್ಸೆಯ ಹುಡುಗಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು. ಮಾತಿನವರಿಗೂ ನುಂಗುವುದಕ್ಕೂ ಏನಮ್ಮ ನಂಟು ಎಂದು ಕೇಳಿದೆ. "ಎರಡಕ್ಕೂ ಬೇಕಾದದ್ದು ಅದೇ ತುಟಿ, ಅದೇ ನಾಲಿಗೆ, ಅದೇ ಗಂಟಲು ಅಲ್ವಾ ಸರ್?" ಎಂದಳು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನನಗೆ ಇಷ್ಟು ಸರಳವಾದ ಸಂಗತಿ ಹೊಳೆದಿರಲಿಲ್ಲ.

ಅವಳು ಒಂದು ಕಾಗದ ಕೊಟ್ಟಳು. ಈಚಿನ ವರ್ಷಗಳಲ್ಲಿ ಹಲವು ದೇಶಗಳ ತಜ್ಞರು ಸೇರಿ ಆಹಾರಕ್ಕೆ ಮೆಟ್ಟಿಲುಗಳನ್ನು ಗೊತ್ತುಮಾಡಿದ್ದಾರಂತೆ, ಸೊನ್ನೆಯಿಂದ 7ರವರೆಗೆ. ಸೊನ್ನೆ ಎಂದರೆ ಬರಿಯ ನೀರು. 7 ಎಂದರೆ ನೀವು ನಾವು ತಿನ್ನುವ ಊಟ. ಅಮ್ಮನ ಪಾಲಿಗೆ ಬಂದದ್ದು 4: ಗಂಟಿಲ್ಲದ, ಹಲ್ಲಿಗೆ ಕೆಲಸವಿಲ್ಲದ, ಲೇಹ್ಯದಂಥ ಪದಾರ್ಥ. ಚಮಚದಲ್ಲಿಟ್ಟರೆ ಆಕಾರ ಕೆಡಬಾರದು. ಚಮಚವನ್ನು ಓರೆಮಾಡಿದರೆ ಅಂಟಿಕೊಳ್ಳದೆ ಒಟ್ಟಾಗಿ ಜಾರಬೇಕು. ಅದು ಸುಧಾರಿಸಿದರೆ 5: ಒದ್ದೆಯಾದ ಸಣ್ಣ ಚೂರುಗಳು, ದೊಡ್ಡವರಿಗೆ 4 ಮಿಲಿಮೀಟರು ಮೀರಬಾರದು. ಅಳೆಯಲು ಅಡಿಪಟ್ಟಿ ಬೇಡ. ಮಾಮೂಲಿ ಫೋರ್ಕಿನ ಎರಡು ಹಲ್ಲುಗಳ ನಡುವಣ ಸಂದು ಸುಮಾರು ಅಷ್ಟೇ ಇರುತ್ತದೆ.

ಮನೆಯಲ್ಲಿ ಮಿಕ್ಸಿ ಇರಲಿಲ್ಲವೆ ಎಂದು ನೀವು ಕೇಳಬಹುದು. ಇತ್ತು. 1963ರಲ್ಲಿ ಹುಟ್ಟಿದ ಸುಮೀತ್ ಕಂಪನಿಯ ಮಿಕ್ಸಿಯಿಂದ ಮೊದಲಾಗಿ ಈ ಯಂತ್ರ ನಮ್ಮ ಹೆಂಗಸರನ್ನು ಒರಳುಕಲ್ಲಿನ ಮುಂದಿನಿಂದ ಎಬ್ಬಿಸಿದ ಪುಣ್ಯವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಅದು ಸಂಸಾರಕ್ಕೆ ಹುಟ್ಟಿದ ಯಂತ್ರ. ಒಬ್ಬರ ಪಾಲಿನ ಒಂದು ಸೌಟು ಹುಳಿಯನ್ನು ಅದರ ಜಾರಿಗೆ ಹಾಕಿದರೆ ಅಲಗಿಗೆ ಸಿಕ್ಕುವುದು ಅರ್ಧ, ಗೋಡೆಗೆ ಅಂಟುವುದು ಅರ್ಧ. ಬಿಸಿಯಾದದ್ದನ್ನು ಹಾಕಿ ಮುಚ್ಚಿದರೆ ಹಬೆ ಮುಚ್ಚಳವನ್ನೇ ಹಾರಿಸುತ್ತದೆ. ಆರಿಸಿ ಹಾಕಿದರೆ ಅಮ್ಮನಿಗೆ ತಣ್ಣನೆಯ ಊಟ. ದಿನಕ್ಕೆ ಐದು ಸಲ, ಪ್ರತಿಸಲವೂ ನಾಲ್ಕು ಚಮಚ, ಪ್ರತಿಸಲವೂ ಜಾರು ತೊಳೆಯುವುದು. ಬ್ಯಾಂಕಿನ ಕೆಲಸಕ್ಕೆ ಹೋಗುವ ನನ್ನಾಕೆ ಒಂದು ವಾರ ನೋಡಿದಳು. "ರೀ, ಪಾತ್ರೆಯೊಳಗೇ ಇಟ್ಟು ಕಡೆಯೋ ಥರದ್ದು ಒಂದು ಬರುತ್ತಂತೆ. ಅದನ್ನ ನೀವೇ ತಂದು, ನೀವೇ ಹಿಡೀರಿ. ಬೆಳಿಗ್ಗೆ ನನಗೆ ಎರಡೇ ಕೈ ಇರೋದು" ಎಂದಳು. ನನ್ನ ಅತಿಥಿ ಪದವಿ ಅಲ್ಲಿಗೆ ಮುಗಿಯಿತು.

ಪಾತ್ರೆಯೊಳಗೇ ಕಡೆಯುವ ಉಪಾಯ ನಮಗೇನು ಹೊಸದಲ್ಲ. ಕರೆಂಟಿನಿಂದ ತಿರುಗುವ ಈ ಕೋಲಿಗೆ ಸ್ವಿಟ್ಜರ್ಲೆಂಡಿನ ರೋಜರ್ ಪೆರಿಂಜಾಕೆ ಎಂಬಾತ 1950ರಲ್ಲಿ ಪೇಟೆಂಟು ಪಡೆದನಂತೆ. ಆದರೆ ಉಡುಪಿಯ ಕೃಷ್ಣ ಬಲಗೈಯಲ್ಲಿ ಕಡಗೋಲನ್ನೂ ಎಡಗೈಯಲ್ಲಿ ಹಗ್ಗವನ್ನೂ ಹಿಡಿದು, ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿ ನಿಲ್ಲಿಸಿದಂತೆ ನಿಂತೇ ಇದ್ದಾನೆ. ನಮ್ಮಮ್ಮನ ಕಡಗೋಲೂ ಊರಿನಿಂದ ಬಂದು ನಮ್ಮ ಅಟ್ಟದ ಮೇಲಿತ್ತು. ಅದರಿಂದಲೇ ಕೆಲಸ ಆಗಬಾರದೇಕೆ ಎಂದು ಮೊದಲು ಪ್ರಯತ್ನಿಸಿ ನೋಡಿದೆ. ಬೇಳೆ ಕರಗಿತು, ಆದರೆ ದಂಟಿನ ನಾರು, ಹುರುಳಿಕಾಯಿಯ ಸಿಪ್ಪೆ ಕೋಲಿಗೆ ಸುತ್ತಿಕೊಂಡು ಹಾಗೆಯೇ ಉಳಿದುವು. ನಾಲ್ಕನೆಯ ಮೆಟ್ಟಿಲಿಗೆ ಅಲಗು ಬೇಕೇ ಬೇಕು.

ಹೀಗಾಗಿ ಅಂಗಡಿಯಲ್ಲಿ ನಾನು ನೋಡಿದ್ದು ವಾಟ್‌ಗಳನ್ನಲ್ಲ. ಬೆಂದು ಮೆತ್ತಗಾದದ್ದನ್ನು ಕಡೆಯುವುದಕ್ಕೆ ಆನೆಬಲ ಬೇಡ. ಇಡ್ಲಿಗೆ ರುಬ್ಬುವುದು ಹೇಗೂ ಇದರ ಕೆಲಸವಲ್ಲ. ಕೋಲು ಉಕ್ಕಿನದಾಗಿರಬೇಕು, ಪ್ಲಾಸ್ಟಿಕ್ಕಾದರೆ ಕುದಿಯುವ ಸಾರಿಗೂ ಅರಿಸಿನಕ್ಕೂ ಬಹಳ ದಿನ ತಾಳುವುದಿಲ್ಲ. ಕೋಲು ಹಿಡಿಯಿಂದ ಬಿಚ್ಚಿಬರಬೇಕು. ಇಲ್ಲದಿದ್ದರೆ ತೊಳೆಯುವಾಗ ಮೋಟಾರಿಗೆ ನೀರು ಹೋಗುತ್ತದೆ. ಟೋಪಿ ಸಣ್ಣದಿರಬೇಕು, ಒಂದು ಲೋಟದೊಳಗೆ ಇಳಿಯುವಷ್ಟು. ಒಂದು ಕೈಯಲ್ಲಿ ಎರಡು ನಿಮಿಷ ಹಿಡಿದರೆ ಮಣಿಕಟ್ಟು ನೋಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅದು ನಿಧಾನವಾಗಿಯೂ ತಿರುಗಬಲ್ಲದಾಗಿರಬೇಕು. ಹೆಚ್ಚಿನ ವೇಗ ಎಷ್ಟು ಎಂದು ಎಲ್ಲ ಪೆಟ್ಟಿಗೆಗಳ ಮೇಲೂ ಬರೆದಿರುತ್ತದೆ. ಕಡಮೆ ವೇಗ ಎಷ್ಟೆಂದು ಕೇಳಿದ ಗಿರಾಕಿ ನಾನೇ ಮೊದಲನೆಯವನೆಂದು ಹುಡುಗ ಹೇಳಿದ. 400 ವಾಟಿನದೊಂದನ್ನು ಕೊಂಡು ತಂದೆ.

ಮೊದಲ ದಿನ ಸಾರಿನ ಪಾತ್ರೆಗೆ ಇಳಿಸಿ, ಸಂತೋಷದಿಂದ ಕಡೆದು, ಹೇಗಾಗಿದೆ ನೋಡೋಣವೆಂದು ಗುಂಡಿ ಒತ್ತಿದ್ದಂತೆಯೇ ಮೇಲೆತ್ತಿದೆ. ಕ್ಷೀರಸಾಗರವನ್ನು ಕಡೆದಾಗ ಲಕ್ಷ್ಮಿಯೂ ಐರಾವತವೂ ಎದ್ದುಬಂದರಂತೆ. ನನಗೆ ಎದ್ದುಬಂದದ್ದು ಬಿಸಿ ಸಾರು. ಗೋಡೆಗೆ, ಕ್ಯಾಲೆಂಡರಿಗೆ, ಕನ್ನಡಕಕ್ಕೆ ಸಮನಾಗಿ ಹಂಚಿಕೆಯಾಯಿತು. ಅಂದಿನಿಂದ ನಿಯಮ ಕಲಿತೆ. ಪಾತ್ರೆ ಆಳವಾಗಿ, ಕಿರಿದಾಗಿ ಇರಬೇಕು. ಟೋಪಿ ಪೂರ್ತಿ ಮುಳುಗಿದ ಮೇಲೆ ಗುಂಡಿ ಒತ್ತಬೇಕು; ಗುಂಡಿ ಬಿಟ್ಟು ಅಲಗು ನಿಂತಮೇಲೆ ಎತ್ತಬೇಕು. ತಳಕ್ಕೆ ಕಚ್ಚಿಕೊಂಡರೆ ಎಳೆದಾಡದೆ ಸ್ವಲ್ಪ ಓರೆಮಾಡಿದರೆ ಬಿಟ್ಟುಕೊಡುತ್ತದೆ. ಒಂದೇ ಸಮನೆ ಒಂದು ನಿಮಿಷಕ್ಕಿಂತ ಓಡಿಸದೆ ಮೋಟಾರಿಗೆ ವಿಶ್ರಾಂತಿ ಕೊಡಬೇಕು. ಅಲಗಿಗೆ ಸಿಕ್ಕಿದ ನಾರನ್ನು ಬಿಡಿಸುವ ಮುಂಚೆ ಪ್ಲಗ್ಗು ಕೀಳಬೇಕು. ಈ ಕೊನೆಯದನ್ನು ಮರೆತರೆ ಬೆರಳಿಗೇ ಅಪಾಯ.

ಯಂತ್ರ ಕಲಿತೆ. ಅಡಿಗೆ ಕಲಿಯಲಿಲ್ಲ. ಅನ್ನ, ಹುಳಿ, ಪಲ್ಯ ಮೂರನ್ನೂ ಒಂದೇ ಪಾತ್ರೆಗೆ ಹಾಕಿ ಕಡೆದೆ. ಹೊಟ್ಟೆಯೊಳಗೆ ಹೋಗಿ ಒಂದೇ ತಾನೆ ಆಗುವುದು ಎಂಬುದು ನನ್ನ ತರ್ಕ. ಅನ್ನ ಅಲಗಿಗೆ ಸಿಕ್ಕೊಡನೆ ಅಂಟಾಯಿತು. ಅಕ್ಕಿಯ, ಆಲೂಗಡ್ಡೆಯ ಹಿಟ್ಟಿನಂಶ ಹೆಚ್ಚು ಕಡೆದಷ್ಟೂ ಬಿಟ್ಟುಕೊಂಡು ಗೋಂದಿನಂತಾಗುತ್ತದೆ. ಓರೆಮಾಡಿದ ಚಮಚದಿಂದ ಜಾರುವುದಿಲ್ಲ, ಗಂಟಲಿನಲ್ಲಿಯೂ ಜಾರುವುದಿಲ್ಲ. ಅನ್ನಕ್ಕೆ ಹೆಚ್ಚು ನೀರಿಟ್ಟು ಕರಗುವಂತೆ ಬೇಯಿಸಿ, ಬಿಸಿಯಲ್ಲಿಯೇ ತುಪ್ಪ ಬೆರಸಿ, ಒಂದೆರಡು ಸುತ್ತಿಗೆ ನಿಲ್ಲಿಸಬೇಕೆಂದು ತಿಳಿಯಲು ನಾಲ್ಕು ದಿನ ಬೇಕಾಯಿತು.

ಐದನೆಯ ದಿನ, ಅವಳಿಗೆ ಪ್ರಿಯವೆಂದು ಮಸ್ಸೊಪ್ಪು ಮಾಡಿಸಿದೆ. ದಂಟು, ಸಬ್ಬಸಿಗೆ, ತೊಗರಿಬೇಳೆ ಎಲ್ಲವನ್ನೂ ಬೆಣ್ಣೆಯಂತೆ ನುಣ್ಣಗೆ ಕಡೆದೆ. ನಾರಿಲ್ಲ, ಗಂಟಿಲ್ಲ, ಕಾಗದದಲ್ಲಿ ಬರೆದಂತೆಯೇ ಇತ್ತು. ಅಮ್ಮ ಒಂದು ಚಮಚ ಬಾಯಿಗಿಟ್ಟುಕೊಂಡು ಬಟ್ಟಲನ್ನೇ ನೋಡಿದಳು. ಬಹಳ ಹೊತ್ತು ಪ್ರಯಾಸಪಟ್ಟು, "ಇದು ಸೊಪ್ಪಲ್ವೋ, ಬಣ್ಣ" ಎಂದಳು. ಬಟ್ಟಲನ್ನು ಎಡಗೈಯಿಂದ ಪಕ್ಕಕ್ಕೆ ತಳ್ಳಿದಳು.

ಅಲ್ಲಿಂದ ಅವಳು ಊಟ ಕಡಮೆಮಾಡಿದಳು. ಹಠವಲ್ಲ, ಹಸಿವಿಲ್ಲ ಎನ್ನುತ್ತಿದ್ದಳು. ತಿಂಗಳ ಕೊನೆಗೆ ತೂಕ ನೋಡಿದರೆ ನಾಲ್ಕು ಕಿಲೋ ಇಳಿದಿತ್ತು. ಹೀಗೆಯೇ ಆದರೆ ಮೂಗಿನಿಂದ ನಳಿಗೆ ಇಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ರಾತ್ರಿ, ನಾನೂ ನನ್ನಾಕೆಯೂ ಹಾಲಿನಲ್ಲಿ ಮಾತಿಲ್ಲದೆ ಕುಳಿತಿದ್ದೆವು. ಆಕೆಯೇ ಕೊನೆಗೆ, "ಅತ್ತೆಯವರನ್ನ ಯಾರಾದ್ರೂ ಕೇಳಿದ್ವಾ?" ಎಂದಳು. ಕೇಳಿರಲಿಲ್ಲ. ಡಾಕ್ಟರನ್ನು ಕೇಳಿದ್ದೆವು, ಕಾಗದವನ್ನು ಕೇಳಿದ್ದೆವು, ಅಂಗಡಿಯ ಹುಡುಗನನ್ನು ಕೂಡ ಕೇಳಿದ್ದೆವು. ನಲವತ್ತು ವರ್ಷ ನಮಗೆ ಅಡಿಗೆ ಮಾಡಿ ಹಾಕಿದವಳನ್ನು ಕೇಳಿರಲಿಲ್ಲ.

ಮಾರನೆಯ ದಿನ ಅಡಿಗೆಮನೆಯ ಬಾಗಿಲಿನಲ್ಲಿ ಕೈಹಿಡಿಯಿರುವ ಕುರ್ಚಿ ಹಾಕಿ ಅಮ್ಮನನ್ನು ಕೂರಿಸಿದೆವು. ಅವಳು ಮೊದಲು ಹೇಳಿದ್ದು ಇಷ್ಟು: "ಎಲ್ಲಾ ಒಟ್ಟಿಗೆ ಹಾಕಬೇಡ. ಯಾವುದು ಏನೂಂತ ಗೊತ್ತಾಗಬೇಕು." ಹೌದಲ್ಲ! ನುಣ್ಣಗಾದ ಮಾತ್ರಕ್ಕೆ ಕ್ಯಾರೆಟ್ಟು ಬೇಳೆಯಾಗಬೇಕಾಗಿಲ್ಲ, ಬೇಳೆ ಸೊಪ್ಪಾಗಬೇಕಾಗಿಲ್ಲ. ಮೂರು ಪುಟ್ಟ ಬಟ್ಟಲುಗಳು ಬಂದುವು; ಮೂರಕ್ಕೆ ಮೂರು ಬಣ್ಣ, ಮೂರು ರುಚಿ. ಒಗ್ಗರಣೆಯ ಸಾಸಿವೆ, ಕರಿಬೇವು ಗಂಟಲಿಗೆ ಅಪಾಯವೆಂದು ಒಗ್ಗರಣೆಯನ್ನೇ ಬಿಟ್ಟಿದ್ದೆವು. ಅಮ್ಮ, "ಸೋಸು" ಎಂದಳು. ತುಪ್ಪದಲ್ಲಿ ಇಂಗು ಸಾಸಿವೆ ಸಿಡಿಸಿ, ಚಹದ ಸೋಸಣಿಗೆಯಲ್ಲಿ ಸೋಸಿ, ಘಮವನ್ನು ಮಾತ್ರ ಬಟ್ಟಲಿಗೆ ಬಿಟ್ಟೆವು. ಅಂದು ಬಟ್ಟಲು ಖಾಲಿಯಾಯಿತು.

ಖಾಲಿಯಾದ ಮೇಲೆ ಒಂದು ತಮಾಷೆ ನಡೆಯಿತು. ಅಮ್ಮ ಕೈ ಅಡ್ಡ ಹಿಡಿದು "ಹಾಕು" ಎಂದಳು. ನನ್ನಾಕೆ ಸಂಭ್ರಮದಿಂದ ಇನ್ನೊಂದು ಸೌಟು ಹಾಕಿದಳು. ಅಮ್ಮ ಮತ್ತೆ, ಜೋರಾಗಿ "ಹಾಕು" ಎಂದಳು. ಇವಳು ಮತ್ತೆ ಹಾಕಿದಳು. ಮೂರನೆಯ ಸಲಕ್ಕೆ ಅಮ್ಮನ ಹುಬ್ಬು ಗಂಟಿಕ್ಕಿದ್ದನ್ನು ಕಂಡು ನನಗೆ ಅರ್ಥವಾಯಿತು. ಅವಳು ಹೇಳುತ್ತಿದ್ದುದು "ಸಾಕು". ಸಕಾರಕ್ಕೆ ನಾಲಿಗೆ ಹಲ್ಲಿನ ಹಿಂದೆ ಇಕ್ಕಟ್ಟಾದ ಸಂದು ಮಾಡಿ ಗಾಳಿಯನ್ನು ಬಿಡಬೇಕು. ಬಲವಿಲ್ಲದ ನಾಲಿಗೆಗೆ ಅದು ಆಗದೆ ಬರಿಯ ಉಸಿರು ಹೊರಟು ಹಕಾರವಾಗುತ್ತಿತ್ತು. ಹಳಗನ್ನಡದ ಪಾಲು ಹೊಸಗನ್ನಡದಲ್ಲಿ ಹಾಲಾದದ್ದನ್ನು ಪ್ರತಿವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಒಂದು ವರ್ಣ ಬದಲಾದರೆ ಮನೆಯೊಳಗೆ ಮಾತು ತಿರುಗಾಮುರುಗಾ ಆಗುವುದನ್ನು ನೋಡಿದ್ದು ಅಂದೇ.

ಅಂದಿನಿಂದ ಅಡಿಗೆಮನೆಯ ಪಾಠ ನಡೆಯಿತು. ಅಮ್ಮ ಮೇಷ್ಟ್ರು, ನಾನು ವಿದ್ಯಾರ್ಥಿ. ದೀಪಾವಳಿಯ ಹೊತ್ತಿಗೆ ಮಾತಿನ ಹುಡುಗಿ ಪರೀಕ್ಷೆಮಾಡಿ ಐದನೆಯ ಮೆಟ್ಟಿಲಿಗೆ ಬಡ್ತಿ ಕೊಟ್ಟಳು. ನುಣ್ಣಗೆ ಮಾಡುವುದು ಸುಲಭ. ಗುಂಡಿ ಒತ್ತಿ ಹಿಡಿದರೆ ಸರಿ. ನುಣ್ಣಗಾಗದಂತೆ, ಒರಟಾಗಿಯೂ ಉಳಿಯದಂತೆ ಮಾಡುವುದು ಕಷ್ಟ. ನಾನು "ಎಷ್ಟು ಅರೆಯಲಿ?" ಎಂದರೆ ಅಮ್ಮ ತಲೆ ಅಲ್ಲಾಡಿಸುವಳು. "ಅರೀಬೇಡ. ಮಸಿ."

ಆ ಒಂದು ಕ್ರಿಯಾಪದ ನನ್ನನ್ನು ಎಚ್ಚರಿಸಿತು. ರಾಗಿಯನ್ನು ಬೀಸುತ್ತೇವೆ, ನೆನೆದ ಉದ್ದನ್ನು ರುಬ್ಬುತ್ತೇವೆ, ಕಾಯಿಯನ್ನು ಅರೆಯುತ್ತೇವೆ, ಮೆಣಸನ್ನು ಕುಟ್ಟುತ್ತೇವೆ, ಶುಂಠಿಯನ್ನು ಜಜ್ಜುತ್ತೇವೆ, ಹುಣಿಸೆಯನ್ನು ಕಿವುಚುತ್ತೇವೆ, ಗಂಧವನ್ನು ತೇಯುತ್ತೇವೆ, ಮೊಸರನ್ನು ಕಡೆಯುತ್ತೇವೆ; ಬೆಂದ ಸೊಪ್ಪನ್ನು ಮಾತ್ರ ಮಸೆಯುತ್ತೇವೆ, ಆದ್ದರಿಂದಲೇ ಅದು ಮಸ್ಸೊಪ್ಪು. ತಜ್ಞರು ಅಂಕಿಗಳಲ್ಲಿ ಕಟ್ಟಿದ ಮೆಟ್ಟಿಲುಗಳನ್ನು ನಮ್ಮ ಹೆಂಗಸರು ಕ್ರಿಯಾಪದಗಳಲ್ಲಿ ಕಟ್ಟಿದ್ದರು. ಒಂದೊಂದಕ್ಕೂ ಒಂದೊಂದು ಕಲ್ಲು, ಒಂದೊಂದು ಕೋಲು, ಕೈಯ ಒಂದೊಂದು ಚಲನೆ. ಯಂತ್ರಕ್ಕೆ ಇರುವುದು ಒಂದೇ ಗುಂಡಿ. ಗುಂಡಿ ಒಂದೇ ಆದರೂ ಒತ್ತುವ ಬೆರಳಿಗೆ ಈ ಮಾತುಗಳು ಗೊತ್ತಿದ್ದರೆ ಯಂತ್ರ ಕೇಳುತ್ತದೆ. ಕಡಮೆ ವೇಗದಲ್ಲಿಟ್ಟು, ಒತ್ತಿ ಬಿಟ್ಟು, ಒತ್ತಿ ಬಿಟ್ಟು, ನಡುನಡುವೆ ಕೋಲಿನಿಂದಲೇ ತಿರುವಿ, ಫೋರ್ಕಿನ ಹಲ್ಲಿಗೆ ಹಚ್ಚಿ ನೋಡಿದರೆ, 400 ವಾಟಿನ ಯಂತ್ರವೂ ಮಸೆಯುತ್ತದೆ.

ಫೋರ್ಕು ಬೇಕಾದದ್ದು ನನಗೆ. ಅಮ್ಮನಿಗೆ ಕಿವಿಯೇ ಸಾಕಾಗಿತ್ತು. ಪಾತ್ರೆಯೊಳಗಿನ ಸದ್ದು ಮೊದಲು ಟಕಟಕ ಎನ್ನುತ್ತದೆ, ಆಮೇಲೆ ಗೊರಗೊರ, ಆಮೇಲೆ ಬರಿಯ ಗುಯ್. ಗೊರಗೊರ ಮುಗಿದು ಗುಯ್ ಆರಂಭವಾಗುವ ಮುಂಚೆ ಅವಳು "ಹಾಕು" ಎನ್ನುವಳು. ನಾನು ಬೆರಳು ತೆಗೆಯುವೆ. ಫೋರ್ಕಿನಲ್ಲಿ ನೋಡಿದರೆ ಅಳತೆ ಸರಿಯಾಗಿರುತ್ತಿತ್ತು. ಹೊರಗಿನವರು ಬಂದು ಕೇಳಿದರೆ ಈ ಮನೆಯಲ್ಲಿ ಹಾಕು ಎಂದರೆ ನಿಲ್ಲಿಸುತ್ತಾರೆ ಎಂದು ಆಶ್ಚರ್ಯಪಟ್ಟಾರು.

ಮೊನ್ನೆ ಭಾನುವಾರ ಮತ್ತೆ ಮಸ್ಸೊಪ್ಪು. ಅಮ್ಮ ಕುರ್ಚಿಯಲ್ಲಿ ಕುಳಿತಿದ್ದಳು. ತೂಕದಲ್ಲಿ ಮೂರು ಕಿಲೋ ಹಿಂದಕ್ಕೆ ಬಂದಿತ್ತು. ನಾನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಅವಳ "ಹಾಕು"ವಿಗೆ ಕಿವಿಗೊಟ್ಟು ನಿಂತಿದ್ದೆ. ಹಿಂದಿನಿಂದ ಒಂದು ಮಾತು ಕೇಳಿಸಿತು. ನಾನು ಕಾಯುತ್ತಿದ್ದ ಮಾತು ಅದಲ್ಲವಾದ್ದರಿಂದ ಇನ್ನೂ ಎರಡು ಸಲ ಒತ್ತಿದೆ. ಮತ್ತೆ ಕೇಳಿಸಿತು, ಈ ಸಲ ಬೆನ್ನಿಗೆ ತಾಗುವಷ್ಟು ಸ್ಪಷ್ಟವಾಗಿ:

"ಸಾಕು ಅಂದ್ನಲ್ಲೋ! ಕಿವಿ ಕೇಳಿಸಲ್ವೇ?"

ನಾನು ಪ್ಲಗ್ಗು ಕಿತ್ತು ತಿರುಗಿ ನೋಡಿದೆ. ನನ್ನಾಕೆ ಒಲೆಯ ಮುಂದೆ ಸೌಟು ಹಿಡಿದವಳು ಹಾಗೆಯೇ ನಿಂತಿದ್ದಳು. ಅಮ್ಮನಿಗೆ ಮಾತ್ರ ತನ್ನ ಬಾಯಲ್ಲಿ ಸಕಾರ ಬಂದುದರ ಪರಿವೆಯೇ ಇರಲಿಲ್ಲ. ಅವಳ ಗಮನವೆಲ್ಲ ಪಾತ್ರೆಯ ಮೇಲಿತ್ತು. ಬಟ್ಟಲಿಗೆ ಹಾಕಿ ಕೊಟ್ಟೆವು. ಒಂದು ಚಮಚ ತಿಂದು, "ಒಂಚೂರು ನುಣ್ಣಗಾಯ್ತು" ಎಂದಳು. ಆಮೇಲೆ ಬಟ್ಟಲು ಖಾಲಿಯಾಗುವವರೆಗೂ ಮಾತಾಡಲಿಲ್ಲ.